ನೆಲದ ಮೇಲಿಟ್ಟ ಕಿಸೆಚಾಕು

ಅಪ್ಪನ ಅಂಗಿಯ ಕಿಸೆಯಲ್ಲಿ ಮಡಿಚುವ ಚಾಕೊಂದು ಯಾವಾಗಲೂ ಇರುತ್ತಿತ್ತು. ನನಗೆ ತಿಳಿವಳಿಕೆ ಬರುವ ಹೊತ್ತಿಗಾಗಲೇ ಅದರ ಅಲಗು ಬೇವಿನ ಎಲೆಯಷ್ಟು ಕಿರಿದಾಗಿ, ನಡುಭಾಗದಲ್ಲಿ ಒಳಕ್ಕೆ ಬಾಗಿಹೋಗಿತ್ತು. ಕೋಣದ ಕೊಂಬಿನ ಹಿಡಿ ಮಾತ್ರ ಮೊದಲಿನಷ್ಟೇ ದಪ್ಪವಾಗಿತ್ತು. ಪೂರ್ತಿ ಮಡಿಚಿದರೆ ಸವೆದ ಅಲಗು ಹಿಡಿಯೊಳಗೆ ಹೂತುಹೋಗಿ ಉಗುರಿಗೆ ಸಿಗುತ್ತಿರಲಿಲ್ಲ. ಅದಕ್ಕಾಗಿ ಅಪ್ಪ ಹಿಡಿಯ ಸಂದಿಯಲ್ಲಿ ಜೋಳದ ದಂಟಿನ ಬೆಂಡಿನ ಚೂರೊಂದನ್ನು ಸಿಕ್ಕಿಸಿ ಇಟ್ಟುಕೊಂಡಿದ್ದ. ಸೌತೆಕಾಯಿ ಹೆಚ್ಚುವುದು, ಬೇವಿನ ಕಡ್ಡಿ ಸೀಳುವುದು, ಚೀಲದ ಹೊಲಿಗೆ ಬಿಚ್ಚುವುದು, ಎತ್ತಿನ ಗೊರಸಿನಲ್ಲಿ ಸಿಕ್ಕಿದ ಕಲ್ಲು ಕೀಳುವುದು, ಎಲ್ಲಕ್ಕೂ ಅದೊಂದೇ ಚಾಕು.

ಅದರ ಜೋಡಿಯ ಇನ್ನೊಂದು ಚಾಕು ಊರಾಚೆಯ ಕೇರಿಯಲ್ಲಿತ್ತು. ಅಪ್ಪನ ಓರಗೆಯವರೇ ಆದ, ಚರ್ಮದ ಕೆಲಸ ಮಾಡುತ್ತಿದ್ದ ಒಬ್ಬರ ಬಳಿ. ನಮ್ಮ ಮನೆಯ ಎತ್ತುಗಳ ತೊಗಲಿನ ಮಿಣಿ, ಬಾರುಕೋಲು, ನಮ್ಮೆಲ್ಲರ ಕಾಲಿನ ಕೆರ ಅವರ ಕೈಯಿಂದಲೇ ಆಗಬೇಕು. ಇಬ್ಬರೂ ಮೀಸೆ ಚಿಗುರುವ ವಯಸ್ಸಿನಲ್ಲಿ ನಮ್ಮ ಬಂಡಿ ಹೊಡೆದುಕೊಂಡು ಸವಣೂರಿನ ಸಂತೆಗೆ ಹೋಗಿದ್ದಾಗ, ಒಂದೇ ತಟ್ಟೆಯಲ್ಲಿ ಹರವಿಟ್ಟ ಚಾಕುಗಳಲ್ಲಿ ಒಂದೇ ಬಗೆಯ ಎರಡನ್ನು ಆರಿಸಿ ತಂದಿದ್ದರಂತೆ. ಈ ಬರಹದಲ್ಲಿ ಅವರನ್ನು ಕಾಕಾ ಎನ್ನುತ್ತೇನೆ. ಅಂದು ಹಾಗೆ ಕರೆದವಳಲ್ಲ. ಅಪ್ಪನನ್ನು ಏಕವಚನದಲ್ಲಿ ಕರೆದದ್ದು ಪ್ರೀತಿಯಿಂದ. ಅವರನ್ನು ಏಕವಚನದಲ್ಲಿ, ಬರಿಯ ಹೆಸರು ಹಿಡಿದು ಕರೆದದ್ದು ಜಾತಿಯ ಅಹಂಕಾರದಿಂದ. ನನಗಿಂತ ಮೂವತ್ತು ವರ್ಷ ಹಿರಿಯರಾದವರನ್ನು ಹಾಗೆ ಕರೆಯಲು ಏಳು ವರ್ಷದ ಹುಡುಗಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಊರೇ ಕಲಿಸಿತ್ತು.

ಶಿಗ್ಗಾಂವಿ ತಾಲೂಕಿನ ನಮ್ಮ ಊರಿನಲ್ಲಿ ಆಗ ನಡೆಯುತ್ತಿದ್ದ ಅನ್ಯಾಯಗಳನ್ನು ಇಲ್ಲಿ ಮುಚ್ಚಿಡಲಾರೆ. ಕೇರಿಯವರು ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಅವರ ಹೆಂಗಸರು ಕೊಡ ಹಿಡಿದು ದೂರದಲ್ಲಿ ನಿಂತು, ಯಾರಾದರೂ ಸೇದಿ ಹಾಕುವವರೆಗೆ ಕಾಯಬೇಕಿತ್ತು. ಅವರ ಮಕ್ಕಳು ಶಾಲೆಯ ಪಡಸಾಲೆಯಲ್ಲಿ ಕುಳಿತು ಒಳಗಿನ ಪಾಠ ಕೇಳಬೇಕಿತ್ತು. ಕಣದಲ್ಲಿ ಅವರ ಪಾಲಿನ ಕಾಳನ್ನು ಎತ್ತರದಿಂದ ಸುರಿಯುತ್ತಿದ್ದರು. ನಮ್ಮ ಕೊರಳಲ್ಲಿ ಕಟ್ಟಿಕೊಂಡ ಲಿಂಗ ಈ ಭೇದವನ್ನು ಎಂದೋ ತಿರಸ್ಕರಿಸಿತ್ತು. ಅದನ್ನು ಕಟ್ಟಿಕೊಂಡ ನಾವು ತಿರಸ್ಕರಿಸಿರಲಿಲ್ಲ. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಕಾಕಾ ನಮ್ಮ ಅಂಗಳಕ್ಕೆ ಬಂದರೆ ಕಟ್ಟೆಯ ಕೆಳಗೆ ಕೂಡುತ್ತಿದ್ದರು. ಅವ್ವ ಅವರ ಬೊಗಸೆಗೆ ಮೇಲಿನಿಂದ ನೀರು ಹನಿಸುತ್ತಿದ್ದಳು.

ವಾರಕ್ಕೊಮ್ಮೆ ಕಾಕಾ ಬಂದು ಅಪ್ಪನ ಚಾಕನ್ನು ಸಾಣೆ ಹಿಡಿಯಲು ಒಯ್ಯುತ್ತಿದ್ದರು. ಅವರ ಬಳಿ ತಮ್ಮ ತಂದೆಯ ಕಾಲದ ಕರಿಯ ಸಾಣೆಕಲ್ಲಿತ್ತು. ಚರ್ಮದ ಪಟ್ಟಿಯ ಮೇಲೆ ಕೊನೆಯ ಹದ ಕೊಡುವುದು ಅವರಿಗಷ್ಟೇ ಗೊತ್ತಿತ್ತು. ಅಪ್ಪ ಚಾಕನ್ನು ನೆಲದ ಮೇಲೆ ಇಡುತ್ತಿದ್ದ. ಕಾಕಾ ಎತ್ತಿಕೊಳ್ಳುತ್ತಿದ್ದರು. ಮರುದಿನ ತಂದು ಅವರೂ ನೆಲದ ಮೇಲೆಯೇ ಇಡುತ್ತಿದ್ದರು.

“ಭಾಳ ತಿಕ್ಕಬ್ಯಾಡೋ, ಇನ್ನೆರಡ ವರ್ಷಕ್ಕ ಬರೇ ಹಿಡಕೀನ ಉಳೀತೈತಿ,” ಎಂದು ಅಪ್ಪ.

“ಹಿಡಕಿ ಉಳದ್ರ ಸಾಕಲ್ರಿ ಗೌಡ್ರ. ನಿಮ್ಮ ಹಲ್ಲಿಗಿಂತ ಅದ ಗಟ್ಟಿ ಐತಿ,” ಎಂದು ಕಾಕಾ.

ನೆಲದ ಮೇಲೆ ಇಡುವುದಕ್ಕೆ ಒಂದು ಕಾರಣವಿತ್ತು. ನಮ್ಮ ಕಡೆ ಚಾಕು, ಕತ್ತರಿ, ಕುಡಗೋಲು ಯಾವುದನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ. ಹಾಗೆ ಕೊಟ್ಟರೆ ಕೊಟ್ಟವರ ಮತ್ತು ತೆಗೆದುಕೊಂಡವರ ನಡುವಿನ ಪ್ರೀತಿ ಕಡಿದುಹೋಗುತ್ತದೆಂಬ ನಂಬಿಕೆ. ಅಡುಗೆಮನೆಯಲ್ಲಿ ಅವ್ವ ನನಗೆ ಈಳಿಗೆಯನ್ನು ನೆಲಕ್ಕಿಟ್ಟೇ ದಾಟಿಸುತ್ತಿದ್ದಳು. ಮರೆತು ಕೈ ಚಾಚಿದರೆ ಮೊಣಕೈಗೆ ತಿವಿಯುತ್ತಿದ್ದಳು. ಆದರೆ ಕೇರಿಯವರಿಗೆ ಏನನ್ನೇ ಕೊಡುವುದಾದರೂ ಕೈ ತಾಗದಂತೆ ನೆಲಕ್ಕಿಡುವ ಇನ್ನೊಂದು ಪದ್ಧತಿಯೂ ಊರಿನಲ್ಲಿತ್ತು. ಮೊದಲನೆಯದು ಅಕ್ಕರೆಯದು, ಎರಡನೆಯದು ಅಸಹ್ಯದ್ದು. ಕಣ್ಣಿಗೆ ಕಾಣುವಾಗ ಎರಡೂ ಒಂದೇ. ಯಾವುದು ಯಾವುದೆಂದು ತಿಳಿಯಬೇಕಾದರೆ ಆ ಇಬ್ಬರು ಯಾರೆಂದು ಗೊತ್ತಿರಬೇಕು. ನನಗೆ ಗೊತ್ತಿತ್ತು.

ಹತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಬುತ್ತಿ ಹೊತ್ತು ಹೊಲಕ್ಕೆ ಹೋಗಿದ್ದೆ. ಬನ್ನಿಮರದ ಕೆಳಗೆ ಕಾಕಾ ಬೊಡ್ಡೆಗೆ ಬೆನ್ನು ಆನಿಸಿ ಕುಳಿತಿದ್ದರು. ಅವರ ಬಲಗಾಲು ಅಪ್ಪನ ತೊಡೆಯ ಮೇಲಿತ್ತು. ಅಪ್ಪ ಬಗ್ಗಿ, ಚಾಕಿನ ತುದಿಯಿಂದ ಅವರ ಹಿಮ್ಮಡಿಯಲ್ಲಿ ಮುರಿದ ಜಾಲಿಮುಳ್ಳನ್ನು ಕೀಳುತ್ತಿದ್ದ.

“ನಿಧಾನ ಮಾಡಲೇ ಗೌಡಾ! ಮುಳ್ಳ ತಗೀ ಅಂದ್ರ ಕಾಲ ತಗ್ಯಾಕತ್ತೀಯಲ್ಲ.”

“ಸುಮ್ನ ಕುಂದ್ರ. ಊರ ಮಂದಿಗೆಲ್ಲಾ ಕೆರ ಹೊಲೀತಿ, ನೀ ಯಾಕ ಬರಿಗಾಲಾಗ ತಿರಗ್ತಿ?”

“ಹೊಲಿಯಾಂವ ಮೆಟ್ಟಗೊಂಡ ಅಡ್ಡಾಡಿದ್ರ ನಿಮ್ಮ ಮಂದಿ ಸುಮ್ಮನ ಬಿಡ್ತಾರೇನು?”

ಅಷ್ಟರಲ್ಲಿ ನನ್ನನ್ನು ಕಂಡ ಕಾಕಾ ಸರಕ್ಕನೆ ಕಾಲೆಳೆದುಕೊಂಡರು. ಮಾತು ಒಮ್ಮೆಲೇ ಬದಲಾಯಿತು. “ಬುತ್ತಿ ಬಂತ್ರಿ ಗೌಡ್ರ,” ಎಂದರು. ಅಪ್ಪ ನನ್ನ ತಲೆಯ ಮೇಲಿನ ಬುಟ್ಟಿ ಇಳಿಸುತ್ತ ಮೆಲ್ಲಗೆ ಹೇಳಿದ: “ಮನ್ಯಾಗ ಹೇಳಬ್ಯಾಡವಾ.” ನಾನು ಹೇಳಲಿಲ್ಲ. ಅವರ ಸ್ನೇಹ ಹೊಲದಲ್ಲಿ ಬದುಕಿತ್ತು, ಊರೊಳಗೆ ತಲೆಮರೆಸಿಕೊಂಡಿತ್ತು. ಅದನ್ನು ಅಡಗಿಸಿಡಬೇಕಾಗಿ ಬಂದದ್ದೇ ಊರಿನ ದೊಡ್ಡ ಪಾಪ. ಬಯಲಿಗೆ ತರುವ ಧೈರ್ಯ ಅಪ್ಪನಿಗೆ ಕೊನೆಯವರೆಗೂ ಬರಲಿಲ್ಲ. ಅದು ಅಪ್ಪನ ತಪ್ಪು. ನನ್ನದು ಇವೆರಡಕ್ಕಿಂತಲೂ ಬೇರೆ.

ನೆಂಟರೆಲ್ಲರ ವಿರೋಧ ಕಟ್ಟಿಕೊಂಡು ಅಪ್ಪ ನನ್ನನ್ನು ಧಾರವಾಡದಲ್ಲಿ ಓದಿಸಿದ. ಶಿಕ್ಷಕಿಯಾಗಿ ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಬಂದೆ. ಅದು ಮೂವತ್ತರ ದಶಕದ ಕೊನೆ. ಖಾದಿ ಉಟ್ಟೆ, ಬಾಲ್ಯವಿವಾಹದ ವಿರುದ್ಧ ಮಾತಾಡಿದೆ, ವಿಧವೆಯರ ತಲೆ ಬೋಳಿಸುವುದರ ವಿರುದ್ಧ ಬರೆದೆ, ಅಸ್ಪೃಶ್ಯತೆಯ ವಿರುದ್ಧ ಊರೂರು ತಿರುಗಿದೆ. ಇವುಗಳಲ್ಲಿ ಒಂದಕ್ಕೂ ಇಂದು ವಿಷಾದಪಡುವುದಿಲ್ಲ. ಬೇಸಿಗೆಯ ರಜೆಯಲ್ಲೊಮ್ಮೆ ನಮ್ಮ ಊರಿನ ಶಾಲೆಯ ಬಯಲಿನಲ್ಲಿಯೂ ಒಂದು ಸಭೆಯನ್ನು ಏರ್ಪಡಿಸಿದೆ. ಹೊರಗಿನಿಂದ ಮುಖಂಡರೊಬ್ಬರು ಬಂದಿದ್ದರು. ಕೇರಿಯವರನ್ನು ನಾನೇ ಮನೆ ಮನೆಗೆ ಹೋಗಿ ಕರೆದಿದ್ದೆ. ಬಂದವರು ಬೇಲಿಯ ಬಳಿ ಗುಂಪಾಗಿ ಕುಳಿತರು. ಊರವರು ಕಟ್ಟೆಯ ಮೇಲೆ ಕುಳಿತರು. ಅದನ್ನೇ ಮೊದಲು ಕೇಳಬೇಕಿತ್ತು. ಕೇಳಲಿಲ್ಲ.

ಸಭೆ ಶುರುವಾಗುವ ಮೊದಲು ಕಾಕಾ ಬೇಲಿಯ ಕಡೆಯಿಂದ ಎದ್ದು ಬಂದು, ಸಾಣೆ ಹಿಡಿದು ತಂದಿದ್ದ ಚಾಕನ್ನು ಅಪ್ಪನ ಮುಂದೆ ನೆಲದ ಮೇಲಿಟ್ಟು ಹಿಂದಕ್ಕೆ ಸರಿದರು. ಅಪ್ಪ ಬಗ್ಗಿ ಎತ್ತಿಕೊಂಡ. ಮುಖಂಡರು ನನ್ನ ಕಡೆಗೆ ವಾಲಿ, “ನೋಡಿದಿರಾ? ಇಂಥದಕ್ಕೇ ನಾವು ಬಂದಿರುವುದು,” ಎಂದರು. ನನ್ನ ಮುಖಕ್ಕೆ ರಕ್ತ ನುಗ್ಗಿತು. ಅವರಿಗೆ ನಮ್ಮ ಕಡೆಯ ರೂಢಿ ತಿಳಿಯದು. ನನಗೆ ತಿಳಿದಿತ್ತು. ಆದರೂ ಆ ಕ್ಷಣದಲ್ಲಿ ನಾನು ಅವರ ಕಣ್ಣಿನಿಂದ ನೋಡಿದೆ. ನನ್ನ ಕಣ್ಣು ಇಪ್ಪತ್ತು ವರ್ಷ ಕಂಡದ್ದನ್ನೆಲ್ಲ ಬದಿಗಿಟ್ಟೆ.

ಮಾತಾಡಲು ಎದ್ದವಳು ಸಿದ್ಧಪಡಿಸಿಕೊಂಡಿದ್ದ ಭಾಷಣವನ್ನು ಬಿಟ್ಟುಬಿಟ್ಟೆ. ಅಸ್ಪೃಶ್ಯತೆ ದೂರದಲ್ಲಿಲ್ಲ, ಈಗಷ್ಟೇ ಎಲ್ಲರೆದುರು ನಡೆಯಿತು, ಅದನ್ನು ಮಾಡಿದವನು ನನ್ನ ಹೆತ್ತ ತಂದೆ ಎಂದೆ. ತಂದೆ ಎಂಬ ಮುಲಾಜಿಲ್ಲದೆ ಹೇಳುತ್ತಿದ್ದೇನೆ ಎಂದೂ ಸೇರಿಸಿದೆ. ಆ ಮಾತಿಗೆ ಮುಖಂಡರು ತಲೆದೂಗಿದ್ದು ನನಗೆ ಕಂಡಿತು. ಆಮೇಲೆ, ಅಪ್ಪನೂ ಕಾಕಾ ಅವರೂ ಮುಂದೆ ಬಂದು ಆ ಚಾಕನ್ನು ಕೈಯಿಂದ ಕೈಗೆ ಕೊಟ್ಟು ತೆಗೆದುಕೊಳ್ಳಬೇಕೆಂದು ಕೇಳಿದೆ.

ಕಟ್ಟೆಯ ಮೇಲೆ ನಗೆ ಎದ್ದಿತು.

“ಏಳ್ರಿ ಗೌಡ್ರ, ಮಗಳ ಹುಕುಂ ಆಗೈತಿ!”

“ಸಾಲಿ ಕಲಿಸಿದ್ದಕ್ಕ ಛಲೋ ಬಹುಮಾನ ಬಂತು ನೋಡ್ರಿ.”

ಅಪ್ಪ ಎದ್ದು ನಿಂತ. ಚಾಕು ಅವನ ಮುಷ್ಟಿಯಲ್ಲಿತ್ತು. “ಬ್ಯಾಡ ಬಿಡವಾ,” ಎಂದ. “ಚಾಕು ಕೈಯಾಗ ಕೊಡಬಾರ್ದು.”

“ಯಾಕ ಕೊಡಬಾರ್ದಪಾ?”

“ಕೊಡಬಾರ್ದು, ಅಷ್ಟ.”

ಕಾರಣವನ್ನು ಹೇಳಿದ್ದರೆ, ‘ಇವನು ನನ್ನ ಗೆಳೆಯ, ಇವನ ಸ್ನೇಹ ಕಡಿಯಬಾರದು’ ಎಂದು ಇಡೀ ಊರಿನೆದುರು ಹೇಳಿದಂತಾಗುತ್ತಿತ್ತು. ಹೇಳಲಿಕ್ಕೆ ಅಪ್ಪನಿಂದಾಗಲಿಲ್ಲ. ಆ ಮೌನವನ್ನು ನಾನು ಮಡಿಯೆಂದು ಓದಿದೆ.

ಕಾಕಾ ಬೇಲಿಯ ಬಳಿಯೇ ನಿಂತು ಕೈಮುಗಿದರು. “ಅಕ್ಕಾರ, ನಮಗ ಬ್ಯಾಡ್ರಿ ಇದು. ನೆಲಕ್ಕಿಟ್ರ ಸಾಕ್ರಿ.”

ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. ಅಲ್ಲಿಯವರೆಗೆ ಅವರಿಗೆ ನಾನು ಯವ್ವಾ ಆಗಿದ್ದೆ. ಆ ಬದಲಾವಣೆಯೂ ನನ್ನ ಕಿವಿಗೆ ಬೀಳಲಿಲ್ಲ. ‘ನಿಮಗೆ ಬೇಡವೆನ್ನಿಸುವುದು ತಲೆತಲಾಂತರದ ಗುಲಾಮಿ ಬುದ್ಧಿ’ ಎಂದು ಅಷ್ಟು ಜನರ ನಡುವೆ ಅವರಿಗೆ ಹೇಳಿದೆ.

ಇಬ್ಬರೂ ಮುಂದೆ ಬಂದರು. ಅಪ್ಪ ಚಾಕು ಚಾಚಿದ. ಕಾಕಾ ಬಲಗೈ ಒಡ್ಡಿ ತೆಗೆದುಕೊಂಡು, ಹಾಗೆಯೇ ತಿರುಗಿ ಅಪ್ಪನ ಕೈಗೆ ಕೊಟ್ಟರು. ಕೊಡುವಾಗ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಹೊಲದಲ್ಲಿ ಒಬ್ಬರ ಕಾಲನ್ನೊಬ್ಬರು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದವರಿಂದ ನಾನು ಮುಟ್ಟುವಿಕೆಯ ಪುರಾವೆಯನ್ನು ಕೇಳಿದ್ದೆ. ಮುಖಂಡರು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಉಳಿದವರು. ನಾನೂ ತಟ್ಟಿದೆ.

ಮೂರನೆಯ ದಿನ ಹಾನಗಲ್ಲಿಗೆ ಹೊರಟುಬಂದೆ. ಅದಾದ ಮೇಲೆ ಊರಿನಲ್ಲಿ ನಡೆದದ್ದನ್ನು ಅವ್ವನ ಬಾಯಿಂದ ಕೇಳಿದ್ದು ದೀಪಾವಳಿಗೆ ಹೋದಾಗ. ಸಭೆಯ ಮರುವಾರವೇ ಊರಿನ ಪಂಚರು ಕೂಡಿದ್ದರಂತೆ. “ಗೌಡ ಹೊಲದಾಗ ಏನರ ಮಾಡ್ಕೋತಾನಂತ ಇಷ್ಟ ವರ್ಷ ಕಣ್ಣ ಮುಚ್ಚಿದ್ವಿ. ಸಾಲಿ ಮುಂದ, ಊರ ಮುಂದ ಮಾಡಿದ್ರ ಹೆಂಗ ಸುಮ್ನ ಕುಂದ್ರೂದು?” ಎಂದು ಒಬ್ಬರೆಂದರಂತೆ. ಅಪ್ಪನಿಗೆ ಸ್ವಾಮಿಗಳ ಪಾದೋದಕ ಕೊಡಿಸಿ, ಶುದ್ಧಿಯಾಯಿತೆಂದು ಮುಗಿಸಿದರು. ಕಾಕಾಗೆ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಯಾರೂ ಅವರಿಗೆ ಮಿಣಿ, ಕೆರ ಹೊಲಿಯಲು ಕೊಡಬಾರದೆಂದು ಕಟ್ಟು ಮಾಡಿದರು. ಸುಗ್ಗಿಯ ಕಣದಿಂದ ಅವರನ್ನು ಬರಿಗೈಯಲ್ಲಿ ಕಳಿಸುವುದೆಂದೂ ನಿರ್ಧಾರವಾಯಿತು. ತಪ್ಪು ಮಾಡಿದವಳು ನಾನು, ತಪ್ಪೆಂದು ಕರೆದವರು ಪಂಚರು, ಶಿಕ್ಷೆಯಾದದ್ದು ಬೇಡವೆಂದು ಕೈಮುಗಿದವರಿಗೆ. ಅಪ್ಪ ಆ ಪಂಚಾಯಿತಿಯಲ್ಲಿ ತುಟಿ ಬಿಚ್ಚಲಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ. ನನ್ನನ್ನೂ.

ಕೇಳಿದಾಗ ಅಪ್ಪ ಒಂದೇ ಮಾತು ಹೇಳಿದ: “ಕಡದ ಹೋತವಾ. ಕಡೀತೈತಿ ಅಂತ ಮೊದಲ ಗೊತ್ತಿತ್ತು.”

ನಾನು ವಾದಿಸಿದೆ. ಕಡಿದದ್ದು ಚಾಕಲ್ಲ, ಪಂಚರು ಎಂದೆ. ಮೂಢನಂಬಿಕೆಗೆ ನೆಪ ಸಿಕ್ಕಿತೆಂದೆ. ಅಪ್ಪ ಎದ್ದು ದನದ ಕೊಟ್ಟಿಗೆಗೆ ಹೋದ. ಹಬ್ಬ ಮುಗಿಯುವುದರೊಳಗೆ ಕಾಕಾ ಊರು ಬಿಟ್ಟರು. ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಆಚೆಗೆ, ಮಗಳನ್ನು ಕೊಟ್ಟ ಊರಿಗೆ ಹೋದರೆಂದು ಸುದ್ದಿ ಬಂತು. ಹೋಗುವ ಮುಂಚೆ ನಮ್ಮ ಅಂಗಳಕ್ಕೆ ಬರಲಿಲ್ಲ. ಅಪ್ಪನೂ ಕೇರಿಯ ಕಡೆ ಹೋಗಲಿಲ್ಲ.

ಆಮೇಲೆ ಅಪ್ಪ ಚಾಕನ್ನು ಬೇರೆ ಯಾರ ಕೈಗೂ ಸಾಣೆಗೆ ಕೊಡಲಿಲ್ಲ. ಸವಣೂರಿನಿಂದ ಸಾಣೆಯವನು ಚಕ್ರ ಹೊತ್ತು ಬಂದಾಗ ಅವ್ವ ಈಳಿಗೆ, ಕುಡಗೋಲುಗಳನ್ನೆಲ್ಲ ಅಂಗಳದಲ್ಲಿ ಇಡುತ್ತಿದ್ದಳು. ಅಪ್ಪನ ಕಿಸೆಯ ಚಾಕನ್ನು ಕೇಳಿದರೆ, “ಅದಕ್ಕ ಚಕ್ರ ಹಚ್ಚಿದ್ರ ಉಳಿಯೂದಿಲ್ಲ,” ಎನ್ನುತ್ತಿದ್ದ. ಅದೂ ನಿಜವೇ. ಹರಿತವಾದ ಚಾಕು ಎಷ್ಟು ಸವೆದಿದ್ದರೂ ಕೆಲಸಕ್ಕೆ ಬರುತ್ತದೆ; ಮೊಂಡಾದ ಮೇಲೆ ಅದರ ಸವಕಳಿ ಮಾತ್ರ ಕಾಣತೊಡಗುತ್ತದೆ. ಅಪ್ಪ ಸೌತೆಕಾಯಿಯನ್ನು ಮುರಿದು ತಿನ್ನುವುದನ್ನು ರೂಢಿ ಮಾಡಿಕೊಂಡ.

ನಾನು ಕಾಕಾ ಅವರನ್ನು ನೋಡಲು ಹೋದದ್ದು ಆರು ವರ್ಷಗಳ ನಂತರ. ಅಷ್ಟು ತಡವಾದದ್ದಕ್ಕೆ ಚಳವಳಿ, ಶಾಲೆ, ಜ್ವರ ಎಂದು ಕಾರಣಗಳನ್ನು ಹೇಳಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಅಂಜಿಕೆ. ಹಾನಗಲ್ಲಿನಿಂದ ತಿಳವಳ್ಳಿಯವರೆಗೆ ಮೋಟಾರು, ಅಲ್ಲಿಂದ ಮುಂದೆ ಬಂಡಿ, ಕೊನೆಗೆ ನಡಿಗೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿದ್ದುತ್ತ ಹೋದೆ.

ಊರಾಚೆಯ ಗುಡಿಸಲಿನ ಮುಂದೆ ಕಾಕಾ ಕುಳಿತಿದ್ದರು. ಗುರುತು ಹಿಡಿದರು. ಕೂಡಲು ಗೋಣಿತಟ್ಟು ಹಾಕಿಸಿದರು. ನೀರು ಕೇಳಿ ಕುಡಿದೆ. ಕುಡಿಯುವಾಗ, ಕುಡಿಯುತ್ತಿರುವುದನ್ನು ಅವರು ನೋಡಲಿ ಎಂಬ ಆಸೆ ಇತ್ತೆಂದು ಒಪ್ಪಿಕೊಳ್ಳಬೇಕು. ಆಮೇಲೆ ಸಿದ್ಧಪಡಿಸಿದ ಮಾತನ್ನು ಪೂರ್ತಿ ಹೇಳಿದೆ. ಆ ನಂಬಿಕೆ ನನಗೆ ಗೊತ್ತಿದ್ದೂ ಮರೆತೆ, ನಿಮ್ಮ ಸ್ನೇಹವನ್ನು ನಾನೇ ಕಡಿಸಿದೆ, ಕ್ಷಮಿಸಿ ಎಂದೆ.

ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ನಕ್ಕರು.

“ಚಾಕು ಸ್ನೇಹ ಕಡೀತೈತೇನ್ರಿ ಅಕ್ಕಾರ? ಚರ್ಮ ಕಡೀತೈತಿ. ನಂಗ ಅದರ ಮ್ಯಾಲ ನಂಬಿಗಿ ಇರಲಿಲ್ರಿ. ನಿಮ್ಮಪ್ಪಗ ಇತ್ತು. ಅಂವಗ ಇತ್ತಂತ ನಾನೂ ನೆಲಕ್ಕ ಇಡ್ತಿದ್ದೆ.”

ಅವರೇ ಮುಂದುವರಿಸಿದರು.

“ನೀವು ನ್ಯಾಯದ ಮಾತು ಹೇಳಿದ್ರಿ, ಅದರಾಗ ಸುಳ್ಳಿಲ್ಲ. ಆದ್ರ ಚಾಕು ಯಾಕ ಹಿಡದ್ರಿ? ಬಾವಿ ಅಲ್ಲೇ ಇತ್ತಲ್ರಿ, ಸಾಲಿ ಹಿಂದ. ನೀರು ಕೈಯಾಗ ಕೊಡ್ರಿ ಅಂದಿದ್ರ, ಬಾವಿ ಕಟ್ಟಿ ಹತ್ರಿ ಅಂದಿದ್ರ, ನಾ ಎಲ್ಲಾರಿಗಿಂತ ಮೊದಲ ಏಳ್ತಿದ್ದೆ. ಹೊಡಸ್ಕೊಂಡ್ರ ಅದಕ್ಕರ ಹೊಡಸ್ಕೋತಿದ್ದೆ. ನಮ್ಮನ್ನ ಒಂದ ಮಾತ ಕೇಳಬೇಕಿತ್ರಿ.”

ಅವರು ಸಿಟ್ಟಿನಿಂದ ಹೇಳಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು. ಬಾವಿಯ ವಿಷಯ ಅಂದು ನನಗೆ ಏಕೆ ಹೊಳೆಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಕಠಿಣವಾದದ್ದೇನಲ್ಲ. ಬಾವಿಯನ್ನು ಮುಟ್ಟಿದ್ದರೆ ಊರಿಗೆ ಊರೇ ಎದುರು ನಿಲ್ಲುತ್ತಿತ್ತು; ಮುಖಂಡರು ಅದೇ ಸಂಜೆ ಮೋಟಾರು ಹತ್ತಿ ಹೋಗುತ್ತಿದ್ದರು, ಉಳಿಯಬೇಕಾದವಳು ನಾನಾಗುತ್ತಿದ್ದೆ. ಚಾಕಿನ ವಿಷಯದಲ್ಲಿ ಎದುರಿಗಿದ್ದವರು ನನ್ನನ್ನು ಪ್ರೀತಿಸುವ ಅಪ್ಪ, ನನಗೆ ತಿರುಗಿ ಮಾತಾಡಲಾರದ ಒಬ್ಬ ಹಿರಿಯರು. ಸುಲಭದ ಎದುರಾಳಿಗಳನ್ನು ಆರಿಸಿಕೊಂಡು ಅದನ್ನು ಹೋರಾಟವೆಂದು ಕರೆದೆ.

“ಊರಿಗೆ ಬರ್ರಿ, ನಾನೇ ಕರಕೊಂಡ ಹೋಗ್ತೇನಿ,” ಎಂದೆ. “ಅಪ್ಪಗ ನಿಮ್ಮನ್ನ ನೋಡಬೇಕಂತ ಆಸೆ ಐತಿ.”

“ಅಂವಾ ಹಾಂಗ ಅಂದನೇನು?”

ಅಪ್ಪ ಹಾಗೆ ಅಂದಿರಲಿಲ್ಲ. ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಾಕಾ ಎದ್ದರು. “ಬಿಸಲ ಏರಿದ್ರ ಬಂಡಿ ಸಿಗೂದಿಲ್ರಿ,” ಎಂದು ದಾರಿಯವರೆಗೆ ಬಂದು ಬಿಟ್ಟುಹೋದರು.

ಆ ವಾರದ ಕೊನೆಗೆ ಊರಿಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ತಿಳಿಸಿದೆ. ನಾನು ಹೇಳಿದ್ದು, ಅವರು ಅಂದದ್ದು, ನಾನು ಪಶ್ಚಾತ್ತಾಪಪಟ್ಟದ್ದು. ಅಪ್ಪ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ. ಚಾಕಿನಲ್ಲಿ ಅವರಿಗೆ ನಂಬಿಕೆಯೇ ಇರಲಿಲ್ಲ, ನಿನಗಾಗಿ ನೆಲಕ್ಕಿಡುತ್ತಿದ್ದರು ಎಂದಾಗ ಅವನು ಕಿಸೆ ಮುಟ್ಟಿಕೊಂಡ. ನಾನು ಮಾತು ಮುಗಿಸಿದೆ. ಅವನು ಕೇಳಿದ:

“ಕೆಮ್ಮು ಇನ್ನೂ ಐತೇನ ಅವಂಗ?”

ನನಗೆ ನೆನಪಾಗಲಿಲ್ಲ. ಅವರು ಕೆಮ್ಮಿದ್ದರೋ ಇಲ್ಲವೋ.

“ಕೆಲಸಾ ಮಾಡಾಕತ್ತಾನೇನು? ಕಣ್ಣ ಕಾಣತಾವ?”

ಅವರ ಕೈಯಲ್ಲಿ ಏನೋ ಇತ್ತು. ಚರ್ಮವೋ ಹಗ್ಗವೋ ಹೇಳಲಾರದೆ ಹೋದೆ.

“ಉಣ್ಣಾಕ ಯಾರ ಹಾಕ್ತಾರ? ಮಗಳ ಛಲೋ ನೋಡ್ಕೋತಾಳೇನು?”

ನೀರು ತಂದುಕೊಟ್ಟ ಹೆಣ್ಣುಮಗಳೊಬ್ಬಳಿದ್ದಳು. ಮಗಳೋ, ಮೊಮ್ಮಗಳೋ, ನೆರೆಯವಳೋ ನಾನು ಕೇಳಿರಲಿಲ್ಲ. ಅವಳ ಮುಖವೂ ನೆನಪಿರಲಿಲ್ಲ. ನಾನು ಅಂದು ಆ ಅಂಗಳದಲ್ಲಿ ಒಂದು ತಾಸು ಕುಳಿತು ನನ್ನ ತಪ್ಪನ್ನಷ್ಟೇ ನೋಡಿ ಬಂದಿದ್ದೆ.

“ಗೊತ್ತಿಲ್ಲಪಾ,” ಎಂದೆ.

ಅದಾದ ಮೇಲೆ ಅಪ್ಪ ಎರಡು ವರ್ಷ ಬದುಕಿದ್ದ. ಅವರಿಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.